ರೆಬೆಕ್ಕ ಮುರಿದ ಗೇಟುಗಳು

ಪಶ್ಚಿಮ ವೇಲ್ಸ್‌ನ ಗುಡ್ಡಗಾಡಿನ ಮಣ್ಣು ಹುಳಿಮಣ್ಣು. ಬಿಡದೆ ಸುರಿಯುವ ಮಳೆ ಮಣ್ಣಿನ ಸಾರವನ್ನೆಲ್ಲ ತೊಳೆದುಕೊಂಡು ಹೋಗುತ್ತದೆ. ಸುಣ್ಣ ಹಾಕದಿದ್ದರೆ ಪೈರು ಏಳುವುದಿಲ್ಲ, ದನಕ್ಕೆ ಬೇಕಾದ ಹುಲ್ಲೂ ಹುಲುಸಾಗುವುದಿಲ್ಲ. ಹತ್ತೊಂಬತ್ತನೆಯ ಶತಮಾನದ ಮೊದಲ ಭಾಗದಲ್ಲಿ ಅಲ್ಲಿನ ರೈತ ಬೇಸಿಗೆ ಬಂದೊಡನೆ ಗಾಡಿ ಕಟ್ಟಿಕೊಂಡು, ನಸುಕಿಗೂ ಮೊದಲೇ ಮನೆ ಬಿಟ್ಟು, ಹತ್ತಾರು ಮೈಲಿ ದೂರದ ಸುಣ್ಣದ ಭಟ್ಟಿಗೆ ಹೋಗಿಬರುತ್ತಿದ್ದ. ಭಟ್ಟಿಯಲ್ಲಿ ಸುಣ್ಣ ಅಗ್ಗ. ಅದನ್ನು ಮನೆಗೆ ತರುವ ದಾರಿಯೇ ದುಬಾರಿ. ಒಂದು ಗೇಟು ದಾಟಿ ಸುಂಕ ಕಟ್ಟಿದರೆ ಮುಂದೆ ಇನ್ನೊಂದು ಗೇಟು, ಅದರಾಚೆ ಮತ್ತೊಂದು. ಹಲವು ಕಡೆ ಒಂದು ಗಾಡಿ ಸುಣ್ಣಕ್ಕೆ ಭಟ್ಟಿಯಲ್ಲಿ ಕೊಟ್ಟ ಬೆಲೆಗಿಂತ ದಾರಿಯಲ್ಲಿ ಕಟ್ಟಿದ ಸುಂಕವೇ ಹೆಚ್ಚಾಗುತ್ತಿತ್ತು.

1839ರಿಂದ 1844ರ ನಡುವೆ ಇದೇ ಸೀಮೆಯಲ್ಲಿ ನಡೆದ ರೆಬೆಕ್ಕ ದಂಗೆಯ ಬಗ್ಗೆ ಬರೆಯುವವರು ಸಾಮಾನ್ಯವಾಗಿ ಹೆಂಗಸರಂತೆ ವೇಷ ಕಟ್ಟಿದ ಗಂಡಸರು, ಕೊಡಲಿ, ಮಸಿ ಬಳಿದ ಮುಖ, ಕುದುರೆಪಡೆ ಇವುಗಳಲ್ಲೇ ನಿಂತುಬಿಡುತ್ತಾರೆ. ಆ ಕಥೆಯನ್ನು ನಾನೂ ಹೇಳುತ್ತೇನೆ. ಆದರೆ ದಂಗೆ ಅಡಗಿದ ಮೇಲೆ ನಡೆದದ್ದು ಇನ್ನೂ ದೊಡ್ಡದು ಎಂಬುದು ನನ್ನ ನಂಬಿಕೆ. ರಸ್ತೆಯನ್ನು ಯಾರು ಇಟ್ಟುಕೊಳ್ಳಬೇಕು, ಯಾರು ದುರಸ್ತಿ ಮಾಡಬೇಕು, ಅದರ ಸಾಲವನ್ನು ಯಾರು ಹೊರಬೇಕು ಎಂಬ ಪ್ರಶ್ನೆಗಳಿಗೆ ಬ್ರಿಟನ್ನಿನ ಪಾರ್ಲಿಮೆಂಟು ಒಂದು ಇಡೀ ಪ್ರದೇಶಕ್ಕೆ ಅನ್ವಯಿಸುವ ಉತ್ತರವನ್ನು ಕೊಟ್ಟದ್ದು ಈ ಗೇಟುಗಳು ಮುರಿದುಬಿದ್ದ ಮೇಲೆ.

ಹಿನ್ನೆಲೆಯನ್ನು ಸ್ವಲ್ಪ ನೋಡಬೇಕು. 1555ರ ಹೆದ್ದಾರಿ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ನ ರಸ್ತೆಗಳನ್ನು ಆಯಾ ಪ್ಯಾರಿಷ್‌ಗಳ ತಲೆಗೆ ಕಟ್ಟಿತು. ಪ್ಯಾರಿಷ್ ಎಂದರೆ ಚರ್ಚಿನ ಸುತ್ತಲಿನ ಊರು. ಪ್ರತಿ ಪ್ಯಾರಿಷ್ ವರ್ಷಕ್ಕೊಮ್ಮೆ ಇಬ್ಬರು ಮೇಲ್ವಿಚಾರಕರನ್ನು ಆರಿಸಬೇಕು, ಅವರಿಗೆ ಸಂಬಳವಿಲ್ಲ. ಊರಿನವರೆಲ್ಲ ವರ್ಷಕ್ಕೆ ನಾಲ್ಕು ದಿನ ರಸ್ತೆಯ ಮೇಲೆ ಬಿಟ್ಟಿ ದುಡಿಯಬೇಕು. ಉಳುವ ಜಮೀನಿರುವವನು ಗಾಡಿ, ಎತ್ತು ಅಥವಾ ಕುದುರೆ, ಜೊತೆಗೆ ಇಬ್ಬರು ಆಳುಗಳನ್ನು ಕಳಿಸಬೇಕು. 1563ರಲ್ಲಿ ಆ ನಾಲ್ಕು ದಿನಗಳು ಆರಾದವು. ಮೇಲ್ವಿಚಾರಕನಿಗೆ ರಸ್ತೆ ಕೆಲಸ ಗೊತ್ತಿರಬೇಕೆಂಬ ನಿಯಮ ಇರಲಿಲ್ಲ, ಗೊತ್ತಾಗುವ ಹೊತ್ತಿಗೆ ಅವನ ವರ್ಷ ಮುಗಿದಿರುತ್ತಿತ್ತು. ದುಡಿಯಲು ಬಂದವರಿಗೂ ಅದು ಹೊತ್ತು ಕಳೆಯುವ ದಿನವಾಗಿತ್ತು. ಊರಿನವರು ತಮ್ಮೂರ ಸಂತೆಗೆ ಹೋಗುವ ದಾರಿಯನ್ನು ಒಂದಿಷ್ಟು ಸರಿಮಾಡಿಕೊಂಡಾರು. ದೂರದ ನಗರದಿಂದ ಮತ್ತೊಂದು ದೂರದ ನಗರಕ್ಕೆ ಸಾಗುವ ಭಾರೀ ಗಾಡಿಗಳು ತಮ್ಮೂರಿನ ನಡುವೆ ಕೊರೆದ ಕೊರಕಲನ್ನು ತಾವೇಕೆ ಮುಚ್ಚಬೇಕು? ಆ ಸಿಟ್ಟಿನಲ್ಲಿ ನ್ಯಾಯ ಇತ್ತು.

ಅದಕ್ಕೆ ಸಿಕ್ಕ ಪರಿಹಾರ ಸುಂಕ. 1663ರಲ್ಲಿ ಲಂಡನ್ನಿನಿಂದ ಉತ್ತರಕ್ಕೆ ಹೋಗುವ ಹೆದ್ದಾರಿಯ ಒಂದು ಭಾಗದಲ್ಲಿ ಟರ್ನ್‌ಪೈಕ್ ಎಂದು ಕರೆಯುವ ಮೊದಲ ಸುಂಕದ ಗೇಟು ಎದ್ದಿತು. ರಸ್ತೆ ಬಳಸುವವನೇ ದುರಸ್ತಿಗೆ ಹಣ ಕೊಡಲಿ ಎಂಬುದು ತರ್ಕ. ಹದಿನೆಂಟನೆಯ ಶತಮಾನದ ಆರಂಭದಿಂದ ಈ ಕೆಲಸ ಟ್ರಸ್ಟ್‌ಗಳ ಕೈಗೆ ಬಂತು. ಸುತ್ತಮುತ್ತಲಿನ ಭೂಮಾಲೀಕರು, ವ್ಯಾಪಾರಿಗಳು ಸೇರಿ ಪಾರ್ಲಿಮೆಂಟಿನಿಂದ ಒಂದು ಕಾಯಿದೆ ಪಡೆದು, ಕೆಲವು ಮೈಲಿ ರಸ್ತೆಯ ಮೇಲೆ ಸುಂಕ ಎತ್ತುವ ಹಕ್ಕನ್ನು ನಿಗದಿತ ವರ್ಷಗಳ ಮಟ್ಟಿಗೆ ತೆಗೆದುಕೊಳ್ಳುತ್ತಿದ್ದರು. ಆ ಸುಂಕದ ಆಧಾರದ ಮೇಲೆ ಸಾಲ ಎತ್ತಿ ರಸ್ತೆ ಮಾಡಿಸುತ್ತಿದ್ದರು. 1830ರ ದಶಕದ ಹೊತ್ತಿಗೆ ಇಂಥ ಟ್ರಸ್ಟ್‌ಗಳು ಸಾವಿರಕ್ಕೂ ಹೆಚ್ಚಿದ್ದವು, ಇಪ್ಪತ್ತು ಸಾವಿರ ಮೈಲಿಗೂ ಮಿಕ್ಕಿದ ರಸ್ತೆ ಅವುಗಳ ಸುಪರ್ದಿಯಲ್ಲಿತ್ತು. ಅದರ ಹಲವು ಪಟ್ಟು ಉದ್ದದ ಹಳ್ಳಿ ರಸ್ತೆಗಳು ಹಳೆಯಂತೆಯೇ ಪ್ಯಾರಿಷ್‌ಗಳಲ್ಲಿ ಉಳಿದವು.

ಟ್ರಸ್ಟ್‌ಗಳು ದೇಶಕ್ಕೆ ಒಳ್ಳೆಯದನ್ನೂ ಮಾಡಿದವು. ಗಾಡಿಗಳ ವೇಗ ಹೆಚ್ಚಿತು, ಅಂಚೆ ಹೊತ್ತಿಗೆ ಸರಿಯಾಗಿ ತಲುಪಿತು. ಆದರೆ ಅವುಗಳ ಗಾತ್ರವೇ ಅವುಗಳ ರೋಗವಾಯಿತು. ಇಪ್ಪತ್ತು ಮೈಲಿಗೊಂದು ಟ್ರಸ್ಟ್, ಪ್ರತಿ ಟ್ರಸ್ಟ್‌ಗೂ ಒಬ್ಬ ಗುಮಾಸ್ತ, ಒಬ್ಬ ಖಜಾಂಚಿ, ಒಬ್ಬ ಮೇಲ್ವಿಚಾರಕ, ತನ್ನದೇ ಸುಂಕದ ಪಟ್ಟಿ, ತನ್ನದೇ ಸಾಲ. ಇದನ್ನು ಎಲ್ಲರಿಗಿಂತ ಸ್ಪಷ್ಟವಾಗಿ ಕಂಡವನು ಜಾನ್ ಲೌಡನ್ ಮೆಕ್ಆಡಮ್. ಜಲ್ಲಿಯ ರಸ್ತೆಗೆ ಇಂದಿಗೂ ನಾವು ಮೆಕಡಮ್ ಎಂದು ಕರೆಯುವುದು ಅವನ ಹೆಸರಿನಿಂದಲೇ. 1816ರಲ್ಲಿ ಅವನು ಬ್ರಿಸ್ಟಲ್ ಟ್ರಸ್ಟ್‌ನ ರಸ್ತೆಗಳ ಮೇಲ್ವಿಚಾರಕನಾದ. ಚಿಕ್ಕದಾಗಿ ಒಡೆದ ಕಲ್ಲು, ಒಣಗಿರುವ ನೆಲ, ನೀರು ಹರಿದುಹೋಗುವ ಬಾಗು, ಇವು ಅವನ ವಿಧಾನ. ಆದರೆ ಅವನ ಬರಹಗಳನ್ನೂ ಪಾರ್ಲಿಮೆಂಟಿನ ಸಮಿತಿಯ ಮುಂದೆ ಅವನು ಹೇಳಿದ್ದನ್ನೂ ನೋಡಿದರೆ, ಕಲ್ಲಿನಷ್ಟೇ ಆಡಳಿತದ ಬಗೆಗೂ ಅವನಿಗೆ ಕಾಳಜಿ ಇತ್ತು. ಹಣ ಸಾಲದೆ ರಸ್ತೆ ಕೆಡುತ್ತಿಲ್ಲ, ಹಣ ಖರ್ಚು ಮಾಡಲು ಗೊತ್ತಿಲ್ಲದವರ ಕೈಯಲ್ಲಿ ಕೆಡುತ್ತಿದೆ. ಕೆಲಸ ಬಲ್ಲವನಿಗೆ ಸರಿಯಾದ ಸಂಬಳ ಕೊಟ್ಟು, ದೊಡ್ಡ ಪ್ರದೇಶವೊಂದನ್ನು ಅವನ ಹೊಣೆಗೆ ಬಿಡಬೇಕು ಎಂಬುದು ಅವನ ವಾದ. ಅವನೂ ಅವನ ಮಕ್ಕಳೂ ಅನೇಕ ಟ್ರಸ್ಟ್‌ಗಳನ್ನು ಒಟ್ಟಿಗೆ ನೋಡಿಕೊಂಡು ಅದನ್ನು ಮಾಡಿಯೂ ತೋರಿಸಿದರು. 1826ರಲ್ಲಿ ಥೇಮ್ಸ್ ನದಿಯ ಉತ್ತರಕ್ಕೆ ಲಂಡನ್ ಸುತ್ತಲಿನ 14 ಟ್ರಸ್ಟ್‌ಗಳನ್ನು ಒಂದೇ ಆಯೋಗದ ಕೆಳಗೆ ತಂದದ್ದು ಈ ದಾರಿಯ ಮೊದಲ ಹೆಜ್ಜೆಗಳಲ್ಲೊಂದು. ಉತ್ತರ ವೇಲ್ಸ್‌ನಲ್ಲಿ ಐರ್ಲೆಂಡಿನ ಅಂಚೆ ಸಾಗುವ ಹಾಲಿಹೆಡ್ ರಸ್ತೆಯ ಸಣ್ಣ ಟ್ರಸ್ಟ್‌ಗಳನ್ನೂ ಆ ಮೊದಲೇ ಒಂದಾಗಿಸಿ, ಥಾಮಸ್ ಟೆಲ್ಫರ್ಡನ ಕೈಗೆ ಕೊಟ್ಟಿದ್ದರು.

ಅಷ್ಟಕ್ಕೇ ನಿಂತಿತು. ಟ್ರಸ್ಟ್‌ಗಳನ್ನು ಒಂದುಗೂಡಿಸಿ ಎಂದು ಪಾರ್ಲಿಮೆಂಟಿನ ಸಮಿತಿಗಳು ಮತ್ತೆ ಮತ್ತೆ ಬರೆದವು. ಟ್ರಸ್ಟಿಗಳಾಗಿದ್ದ ಭೂಮಾಲೀಕರೇ ಪಾರ್ಲಿಮೆಂಟಿನಲ್ಲೂ ಕುಳಿತಿದ್ದರು. ಟ್ರಸ್ಟ್‌ಗಳಿಗೆ ಸಾಲ ಕೊಟ್ಟವರೂ ಅವರ ನೆಂಟರಿಷ್ಟರೇ. ವರದಿಗಳು ಕಪಾಟು ಸೇರಿದವು. 1835ರಲ್ಲಿ ಹೊಸ ಹೆದ್ದಾರಿ ಕಾಯಿದೆ ಬಂದು ಪ್ಯಾರಿಷ್‌ಗಳ ಬಿಟ್ಟಿ ದುಡಿಮೆಯನ್ನು ಕಿತ್ತುಹಾಕಿ ಅದರ ಬದಲು ರಸ್ತೆ ತೆರಿಗೆ ತಂದಿತಷ್ಟೆ.

ದಕ್ಷಿಣ ವೇಲ್ಸ್‌ನಲ್ಲಿ ಈ ವ್ಯವಸ್ಥೆ ತನ್ನ ಅತ್ಯಂತ ಕೆಟ್ಟ ರೂಪಕ್ಕೆ ಬಂದಿತ್ತು. ಕಾರ್ಮಾರ್ದನ್ ಕೌಂಟಿಯೊಂದರಲ್ಲೇ ಮೇನ್ ಟ್ರಸ್ಟ್, ವಿಟ್‌ಲಂಡ್ ಟ್ರಸ್ಟ್, ಕಿಡ್ವೆಲಿ ಟ್ರಸ್ಟ್, ತ್ರೀ ಕಾಮಟ್ಸ್ ಟ್ರಸ್ಟ್ ಎಂದು ಒಂದರ ಮಗ್ಗುಲಲ್ಲಿ ಒಂದು. ಒಂದೇ ಪೇಟೆಗೆ ಹೋಗುವವನು ಎರಡು ಮೂರು ಟ್ರಸ್ಟ್‌ಗಳ ಎಲ್ಲೆ ದಾಟಬೇಕು, ಒಂದರಲ್ಲಿ ಕಟ್ಟಿದ ಸುಂಕದ ಚೀಟಿ ಇನ್ನೊಂದರಲ್ಲಿ ನಡೆಯುವುದಿಲ್ಲ. ಟ್ರಸ್ಟ್‌ಗಳು ಎತ್ತಿದ ಸಾಲಕ್ಕೆ ಬಡ್ಡಿ ಕಟ್ಟುವುದರಲ್ಲೇ ಸುಂಕದ ಹಣ ಕರಗುತ್ತಿತ್ತು. ಕಟ್ಟಲಾಗದ ಬಡ್ಡಿಯನ್ನು ಅಸಲಿಗೆ ಸೇರಿಸಿದರೆ ಸಾಲ ಇನ್ನೂ ಬೆಳೆಯಿತು. ರಸ್ತೆಗೆ ಹಾಕಲು ಉಳಿಯುವುದು ಚೂರುಪಾರು.

ಇಲ್ಲಿ ಒಂದು ಅನ್ಯಾಯವನ್ನು ವಿಶೇಷವಾಗಿ ಹೇಳಬೇಕು, ಏಕೆಂದರೆ ದಂಗೆಯ ಕಥೆಗಳಲ್ಲಿ ಅದು ಮರೆಯಾಗುತ್ತದೆ. ಸುಂಕದ ರಸ್ತೆಯಾದರೂ ಕಾನೂನಿನ ಪ್ರಕಾರ ಅದನ್ನು ದುರಸ್ತಿಯಲ್ಲಿಡುವ ಕೊನೆಯ ಹೊಣೆ ಪ್ಯಾರಿಷ್‌ನದ್ದೇ. ಟ್ರಸ್ಟ್ ಸುಂಕ ಎತ್ತಿಯೂ ರಸ್ತೆ ಕೆಟ್ಟಿದ್ದರೆ, ನ್ಯಾಯಾಲಯದಲ್ಲಿ ಆರೋಪ ಹೊತ್ತು ನಿಲ್ಲುವುದು ಪ್ಯಾರಿಷ್, ದಂಡ ಕಟ್ಟುವುದೂ ಪ್ಯಾರಿಷ್. ಅಂದರೆ ರೈತ ಗೇಟಿನಲ್ಲಿ ಸುಂಕ ಕಟ್ಟಿ, ಅದೇ ರಸ್ತೆ ಹಾಳಾಗಿದೆಯೆಂದು ಮತ್ತೊಮ್ಮೆ ತೆರಿಗೆಯನ್ನೂ ಕಟ್ಟಬೇಕು. ದೂರು ಕೊಡಲು ಹೋದರೆ ನ್ಯಾಯಪೀಠದ ಮೇಲೆ ಕುಳಿತಿದ್ದ ಮ್ಯಾಜಿಸ್ಟ್ರೇಟನೇ ಟ್ರಸ್ಟಿ. ಅವನ ಭಾಷೆ ಇಂಗ್ಲಿಷ್, ರೈತನದು ವೆಲ್ಷ್. ಅವನು ಆಂಗ್ಲಿಕನ್ ಚರ್ಚಿನವನು, ರೈತ ಆ ಚರ್ಚಿಗೆ ಸೇರದ ಪಂಗಡಗಳ ಚಾಪೆಲ್ಲಿಗೆ ಹೋಗುವವನು. ಹಾಗಿದ್ದೂ ರೈತನ ದಶಾಂಶ ತೆರಿಗೆ ಸಲ್ಲುತ್ತಿದ್ದುದು ಆಂಗ್ಲಿಕನ್ ಚರ್ಚಿಗೆ. ಬಹುಪಾಲು ಜಮೀನು ಗೇಣಿಯದು. ಗೇಣಿ ತಪ್ಪಿದರೆ 1834ರ ಬಡವರ ಕಾಯಿದೆ ಕಟ್ಟಿಸಿದ, ನಿರ್ಗತಿಕರನ್ನು ದುಡಿಸುವ ವರ್ಕ್‌ಹೌಸ್ ಬಾಯಿ ತೆರೆದು ಕುಳಿತಿತ್ತು.

1830ರ ದಶಕದ ಕೊನೆಯಲ್ಲಿ ಮಳೆ ಅತಿಯಾಗಿ ಸುಗ್ಗಿಗಳು ಕೆಟ್ಟವು. ಕೈಯಲ್ಲಿ ಕಾಸಿಲ್ಲದ ಆ ಹೊತ್ತಿಗೇ ವಿಟ್‌ಲಂಡ್ ಟ್ರಸ್ಟ್ ತನ್ನ ಸುಂಕವನ್ನು ಥಾಮಸ್ ಬುಲಿನ್ ಎಂಬ ಇಂಗ್ಲಿಷ್ ಗುತ್ತಿಗೆದಾರನಿಗೆ ಕೊಟ್ಟಿತು. ಆಗ ಸುಂಕ ಎತ್ತುವ ಹಕ್ಕನ್ನು ಹರಾಜು ಹಾಕುವುದು ವಾಡಿಕೆ. ಟ್ರಸ್ಟ್‌ಗೆ ಮುಂಗಡವಾಗಿ ಇಂತಿಷ್ಟು ಎಂದು ಒಪ್ಪಿಕೊಂಡು, ಅದಕ್ಕಿಂತ ಮೇಲೆ ಎತ್ತಿದ್ದೆಲ್ಲ ಗುತ್ತಿಗೆದಾರನ ಲಾಭ. ಬುಲಿನ್ ಎಷ್ಟೋ ಟ್ರಸ್ಟ್‌ಗಳ ಗುತ್ತಿಗೆ ಹಿಡಿದಿದ್ದ. ಸುಣ್ಣದ ಗಾಡಿಗಳು ದೊಡ್ಡ ಗೇಟನ್ನು ತಪ್ಪಿಸಿ ಒಳದಾರಿಯಲ್ಲಿ ಹೋಗುತ್ತಿದ್ದುದು ಅವನ ಕಣ್ಣಿಗೆ ಬಿತ್ತು. ಆ ಒಳದಾರಿಗಳಿಗೆ ಹೊಸದಾಗಿ ನಾಲ್ಕು ಗೇಟುಗಳು ಬಂದವು. ಕಾರ್ಮಾರ್ದನ್ ಮತ್ತು ಪೆಂಬ್ರೋಕ್ ಕೌಂಟಿಗಳ ಗಡಿಯಲ್ಲಿದ್ದ ಎವೈಲ್‌ವೆನ್ ಹಳ್ಳಿಯ ಗೇಟು ಅವುಗಳಲ್ಲೊಂದು.

1839ರ ಮೇ 13ರ ರಾತ್ರಿ ಅದು ನೆಲ ಕಂಡಿತು. ಟ್ರಸ್ಟ್ ಮತ್ತೆ ಕಟ್ಟಿಸಿತು. ಜೂನ್ 6ರಂದು ಮತ್ತೆ ಉರುಳಿತು. ಜುಲೈ 17ರಂದು ಮೂರನೆಯ ಬಾರಿ. ಮುರಿದವರು ಹೆಂಗಸರ ಉಡುಪು ತೊಟ್ಟು, ಮುಖಕ್ಕೆ ಮಸಿ ಬಳಿದುಕೊಂಡಿದ್ದ ಗಂಡಸರು. ಅವರ ಮುಂದಾಳುವನ್ನು ಅವರು ಕರೆದದ್ದು ಬೆಕ್ಕ, ರೆಬೆಕ್ಕ ಎಂದು. ಜನರ ನೆನಪಿನಲ್ಲಿ ಆ ಮೊದಲ ರೆಬೆಕ್ಕ ಥಾಮಸ್ ರೀಸ್, ತುಮ್ ಕಾರ್ನಾಬುತ್ ಎಂದು ಊರವರು ಕರೆಯುತ್ತಿದ್ದ ಭಾರೀ ಆಳು. ಬೈಬಲ್ಲಿನ ಮೊದಲ ಪುಸ್ತಕದಲ್ಲಿ ರೆಬೆಕ್ಕಳನ್ನು ಹರಸುವಾಗ, ಅವಳ ಸಂತಾನವು ಹಗೆಗಳ ಬಾಗಿಲನ್ನು ವಶಪಡಿಸಿಕೊಳ್ಳಲಿ ಎನ್ನುವ ಅರ್ಥದ ಮಾತು ಬರುತ್ತದೆ. ಪ್ರತಿ ಭಾನುವಾರ ಚಾಪೆಲ್ಲಿನಲ್ಲಿ ವೆಲ್ಷ್ ಬೈಬಲ್ ಕೇಳಿ ಬೆಳೆದ ಜನಕ್ಕೆ ಈ ಹೆಸರು ಹೊರಗಿನಿಂದ ತಂದುಕೊಟ್ಟದ್ದಲ್ಲ. ವೇಷವೂ ಹೊಸದಲ್ಲ. ಊರಿನ ಕಟ್ಟುಪಾಡು ಮೀರಿದವನನ್ನು ಮರದ ಕುದುರೆಯ ಮೇಲೆ ಮೆರವಣಿಗೆ ಮಾಡಿ ಅವಮಾನಿಸುವ ಪದ್ಧತಿ ಆ ಸೀಮೆಯಲ್ಲಿ ಹಿಂದಿನಿಂದ ಇತ್ತು, ಅದರಲ್ಲೂ ಗಂಡಸರು ಹೆಂಗಸರ ವೇಷ ಹಾಕಿ ಮಸಿ ಬಳಿಯುತ್ತಿದ್ದರು. ಊರಿನ ನ್ಯಾಯಕ್ಕೆ ಬಳಸುತ್ತಿದ್ದ ವೇಷವನ್ನೇ ಗೇಟಿನ ಮುಂದೆ ತಂದು ನಿಲ್ಲಿಸಿದರು.

ಅವರು ಆಡುತ್ತಿದ್ದ ಒಂದು ಸಣ್ಣ ಆಟವನ್ನು ಹಲವರು ದಾಖಲಿಸಿದ್ದಾರೆ. ಕಣ್ಣು ಕಾಣದ ಮುದುಕಿಯಂತೆ ರೆಬೆಕ್ಕ ಗೇಟಿನ ಬಳಿ ಬಂದು ತಡವರಿಸುತ್ತಾಳೆ. ದಾರಿಗೆ ಏನೋ ಅಡ್ಡ ಇದೆ, ಮುಂದೆ ಹೋಗಲಾರೆ ಎನ್ನುತ್ತಾಳೆ. ಸುತ್ತಲಿನ ಹೆಣ್ಣುಮಕ್ಕಳು ಬಂದು ನೋಡಿ, ಅಮ್ಮಾ ಇದು ನಿನಗೆ ಅಡ್ಡ ಕಟ್ಟಿದ ಗೇಟು, ನಿನ್ನ ದಾರಿಗೆ ಏನೂ ಅಡ್ಡ ನಿಲ್ಲಬಾರದು, ಮುರಿದುಬಿಡೋಣ ಎನ್ನುತ್ತಾರೆ. ಆಮೇಲೆ ಕೊಡಲಿ, ಗರಗಸ. ಕೆಲವೇ ನಿಮಿಷಗಳಲ್ಲಿ ಗೇಟೂ ಇಲ್ಲ, ಕಂಬವೂ ಇಲ್ಲ.

ಆ ಬೇಸಿಗೆಯಲ್ಲಿ ಟ್ರಸ್ಟ್ ಹಿಂದೆ ಸರಿಯಿತು. ಹೊಸ ನಾಲ್ಕು ಗೇಟುಗಳನ್ನು ತೆಗೆದುಹಾಕಲು ಟ್ರಸ್ಟಿಗಳ ಸಭೆ ಒಪ್ಪಿಕೊಂಡಿತು. ಮೂರು ವರ್ಷ ಸೀಮೆ ತಣ್ಣಗಿತ್ತು. ಅಷ್ಟರಲ್ಲಿ ವ್ಯವಸ್ಥೆಯನ್ನು ಸರಿಪಡಿಸಲು ಬೇಕಾದಷ್ಟು ಸಮಯವಿತ್ತು, ಯಾರೂ ಕೈಹಾಕಲಿಲ್ಲ. ಇದು ನನ್ನನ್ನು ಕಾಡುವ ಸಂಗತಿ. ರೈತರು ಏನು ಹೇಳುತ್ತಿದ್ದಾರೆಂಬುದು 1839ರಲ್ಲೇ ಸ್ಪಷ್ಟವಾಗಿತ್ತು.

1842ರ ಶರತ್ಕಾಲದಲ್ಲಿ ಸೇಂಟ್ ಕ್ಲಿಯರ್ಸ್ ಎಂಬಲ್ಲಿ ಮರ್ಮೇಡ್ ಹೋಟೆಲಿನ ಬಳಿ ಮೇನ್ ಟ್ರಸ್ಟ್ ಹೊಸ ಗೇಟು ನಿಲ್ಲಿಸಿತು. ಸುಂಕ ಎತ್ತುತ್ತಿದ್ದವನು ಅದೇ ಬುಲಿನ್. ನವೆಂಬರಿನಲ್ಲಿ ರೆಬೆಕ್ಕ ಮರಳಿ ಬಂದಳು. ಈ ಬಾರಿ ಒಂದು ಗೇಟಿಗೆ, ಒಂದು ಟ್ರಸ್ಟ್‌ಗೆ ಅದು ನಿಲ್ಲಲಿಲ್ಲ. ದನದ ಬೆಲೆ, ಬೆಣ್ಣೆಯ ಬೆಲೆ ಎರಡೂ ಕುಸಿದಿದ್ದವು. ಮನೆ ಮನೆಯಲ್ಲೂ ನಷ್ಟ. 1843ರ ಬೇಸಿಗೆಯ ಹೊತ್ತಿಗೆ ಕಾರ್ಮಾರ್ದನ್, ಪೆಂಬ್ರೋಕ್, ಕಾರ್ಡಿಗನ್ ಕೌಂಟಿಗಳಲ್ಲಿ ಹಬ್ಬಿ ರಾಡ್ನರ್, ಗ್ಲಾಮಾರ್ಗನ್‌ಗಳಿಗೂ ಕಿಡಿ ಹಾರಿತ್ತು. ನೂರಕ್ಕೂ ಹೆಚ್ಚು ಗೇಟುಗಳು ಉರುಳಿದವು. ಪ್ರತಿ ಊರಿಗೂ ಒಬ್ಬ ರೆಬೆಕ್ಕ. ಸರ್ಕಾರ ಒಬ್ಬ ಮುಂದಾಳುವನ್ನು ಹುಡುಕುತ್ತಿತ್ತು, ಅಂಥ ಒಬ್ಬನು ಇರಲೇ ಇಲ್ಲ.

1843ರ ಜೂನ್ 19ರಂದು ಸಾವಿರಾರು ಜನ ಹಾಡುಹಗಲಲ್ಲಿ ಕಾರ್ಮಾರ್ದನ್ ಪಟ್ಟಣಕ್ಕೆ ಮೆರವಣಿಗೆಯಲ್ಲಿ ಬಂದರು. ಪಟ್ಟಣದ ಬಡವರೂ ಸೇರಿಕೊಂಡರು. ಗುಂಪು ವರ್ಕ್‌ಹೌಸಿಗೆ ನುಗ್ಗಿ ಹಾಸಿಗೆಗಳನ್ನು ಕಿಟಕಿಯಿಂದ ಎಸೆಯುತ್ತಿದ್ದಾಗ ಕುದುರೆಪಡೆ ಬಂದು ಮುತ್ತಿತು. ಅಲ್ಲಿಂದ ಮುಂದೆ ಸೀಮೆಯ ತುಂಬ ಸೈನಿಕರು, ಲಂಡನ್ನಿನ ಪೊಲೀಸರು. ಕರ್ನಲ್ ಜೇಮ್ಸ್ ಲವ್ ಸೇನೆಯ ಹೊಣೆ ಹೊತ್ತ. ಸೈನಿಕರು ಒಂದು ಗೇಟಿಗೆ ಓಡಿದರೆ ಇನ್ನೊಂದು ಕಣಿವೆಯಲ್ಲಿ ಕೊಂಬು ಮೊಳಗುತ್ತಿತ್ತು.

ಆ ತಿಂಗಳಲ್ಲೇ ಲಂಡನ್ನಿನ 'ಟೈಮ್ಸ್' ಪತ್ರಿಕೆ ಥಾಮಸ್ ಕ್ಯಾಂಪ್‌ಬೆಲ್ ಫಾಸ್ಟರ್ ಎಂಬ ವರದಿಗಾರನನ್ನು ಕಳಿಸಿತು. ಮ್ಯಾಜಿಸ್ಟ್ರೇಟರ ಮುಂದೆ ಬಾಯಿ ಬಿಡದ ರೈತರು ಇವನ ಮುಂದೆ ಮಾತಾಡಿದರು. ಅವರು ಕೊಟ್ಟ ಸುಂಕದ ಲೆಕ್ಕ, ಗೇಣಿಯ ಲೆಕ್ಕ, ಚರ್ಚಿನ ದಶಾಂಶದ ಲೆಕ್ಕ ಲಂಡನ್ನಿನ ಊಟದ ಮೇಜುಗಳನ್ನು ತಲುಪಿತು. ದಂಗೆಯ ಭವಿಷ್ಯ ಬದಲಾದದ್ದರಲ್ಲಿ ಫಾಸ್ಟರನ ವರದಿಗಳ ಪಾಲು ದೊಡ್ಡದು. ಪತ್ರಿಕೋದ್ಯಮ ಒಂದು ಸೀಮೆಯ ಜನರಿಗೆ ಮಾಡಿದ ಇಂಥ ಉಪಕಾರಗಳನ್ನು ನಾವು ನೆನೆಯಬೇಕು. ಆಗಸ್ಟ್ 25ರಂದು ಮನಿದ್ ಸುಲೆನ್ ಬೆಟ್ಟದ ಮೇಲೆ ಜನ ಹಗಲಿನಲ್ಲೇ, ವೇಷವಿಲ್ಲದೆ ಸೇರಿ ರಾಣಿಗೆ ಅರ್ಜಿ ಸಿದ್ಧಮಾಡಿದರು. ಅರ್ಜಿಯನ್ನು ಬರೆದುಕೊಟ್ಟವನು ಕಾರ್ಮಾರ್ದನ್‌ನ ವಕೀಲ ಹ್ಯೂ ವಿಲಿಯಮ್ಸ್.

ಆದರೆ ರಾತ್ರಿಯ ಗುಂಪುಗಳು ಕೆಡತೊಡಗಿದ್ದವು. ಸೆಪ್ಟೆಂಬರ್ 6ರ ರಾತ್ರಿ ಪಾಂಟರ್‌ದಿಲೈಸ್ ಗೇಟಿನಲ್ಲಿ ಹೊಂಚು ಹಾಕಿದ್ದ ಗ್ಲಾಮಾರ್ಗನ್ ಪೊಲೀಸರು ಗುಂಡು ಹಾರಿಸಿ, ಗಾಯಗೊಂಡ ಜಾನ್ ಹ್ಯೂಸ್ ಎಂಬ ತರುಣ ರೈತನನ್ನು ಹಿಡಿದರು. ಅವನಿಗೆ ಇಪ್ಪತ್ತು ವರ್ಷಗಳ ಗಡಿಪಾರು, ಭೂಮಿಯ ಆಚೆ ಬದಿಯ ಟಾಸ್ಮೇನಿಯಾ ದ್ವೀಪಕ್ಕೆ. ಮೂರೇ ದಿನದಲ್ಲಿ, ಹತ್ತಿರದ ಹೆಂಡಿ ಗೇಟಿನಲ್ಲಿ ಸುಂಕ ಎತ್ತುತ್ತಿದ್ದ 75 ವರ್ಷದ ಸಾರಾ ವಿಲಿಯಮ್ಸ್ ಗುಂಡೇಟಿಗೆ ಸತ್ತಳು. ಮನೆಗೆ ಬೆಂಕಿ ಬಿದ್ದಿತ್ತು, ಅವಳು ಸಾಮಾನು ಹೊರತರಲು ಹೋಗಿದ್ದಳು. ಸಾವಿಗೆ ಕಾರಣ ತಿಳಿಯದು ಎಂದು ಪಂಚರು ತೀರ್ಪು ಬರೆದರು. ಊರಿನವರು ತಮ್ಮವರನ್ನು ಕಾಪಾಡಿಕೊಳ್ಳಲು ಹೀಗೆ ಮಾಡಿದರೆಂದು ಅರ್ಥವಾಗುತ್ತದೆ, ಆದರೂ ಆ ತೀರ್ಪು ನ್ಯಾಯವಲ್ಲ. ಆ ಮುದುಕಿ ಟ್ರಸ್ಟಿಯಲ್ಲ, ಗುತ್ತಿಗೆದಾರಳಲ್ಲ. ಹೊಟ್ಟೆಪಾಡಿಗೆ ಗೇಟು ಕಾಯುತ್ತಿದ್ದವಳು. ರೆಬೆಕ್ಕಳ ಪರವಾಗಿ ಎಷ್ಟು ಬರೆದರೂ ಸಾರಾ ವಿಲಿಯಮ್ಸ್‌ಳ ಹೆಸರನ್ನು ಅದರ ಪಕ್ಕದಲ್ಲಿ ಬರೆಯಲೇಬೇಕು.

ಅಕ್ಟೋಬರಿನಲ್ಲಿ ಸರ್ಕಾರ ವಿಚಾರಣಾ ಆಯೋಗ ನೇಮಿಸಿತು. ಥಾಮಸ್ ಫ್ರಾಂಕ್‌ಲಂಡ್ ಲೂಯಿಸ್ ಅಧ್ಯಕ್ಷ. ಜೊತೆಗೆ ರಾಬರ್ಟ್ ಹೆನ್ರಿ ಕ್ಲೈವ್ ಮತ್ತು ವಿಲಿಯಂ ಕ್ರಿಪ್ಸ್. ಲೂಯಿಸ್ ಈ ಹಿಂದೆ ಅದೇ ಬಡವರ ಕಾಯಿದೆಯ ಆಯೋಗದ ಮೊದಲ ಅಧ್ಯಕ್ಷನಾಗಿದ್ದವನು, ಹಾಗಾಗಿ ರೈತರಿಗೆ ಅವನ ಮೇಲೆ ಅನುಮಾನ ಸಹಜವಾಗಿತ್ತು. ಆದರೆ ಮೂವರೂ ಊರಿಂದೂರಿಗೆ ಹೋದರು, ಬಂದವರ ಮಾತು ಕೇಳಿದರು, ವೆಲ್ಷ್ ಬಲ್ಲವರನ್ನು ಇಟ್ಟುಕೊಂಡು ಬರೆಸಿಕೊಂಡರು. ಟ್ರಸ್ಟ್‌ಗಳ ಲೆಕ್ಕದ ಪುಸ್ತಕಗಳನ್ನು ತರಿಸಿ ನೋಡಿದರು. 1844ರ ಮಾರ್ಚಿನಲ್ಲಿ ವರದಿ ಬಂತು. ಗೇಟುಗಳು ಅತಿಯಾಗಿವೆ, ಪಕ್ಕದ ದಾರಿಗಳ ತಡೆಗಳು ಅನ್ಯಾಯ, ಟ್ರಸ್ಟ್‌ಗಳು ತೀರಾ ಚಿಕ್ಕವು, ಸಾಲದಲ್ಲಿ ಮುಳುಗಿವೆ. ರೈತರು ಹೇಳುತ್ತಿದ್ದುದು ಬಹುಪಾಲು ನಿಜ.

ಆ ವರ್ಷದ ಆಗಸ್ಟಿನಲ್ಲಿ ದಕ್ಷಿಣ ವೇಲ್ಸ್ ಟರ್ನ್‌ಪೈಕ್ ಟ್ರಸ್ಟ್‌ಗಳ ಕಾಯಿದೆ ಜಾರಿಗೆ ಬಂತು. ಪಾರ್ಲಿಮೆಂಟಿನಲ್ಲಿ ಅದನ್ನು ಮುನ್ನಡೆಸಿದವನು ಕ್ರಿಪ್ಸ್. ಗ್ಲಾಮಾರ್ಗನ್, ಬ್ರೆಕ್ನಕ್, ರಾಡ್ನರ್, ಕಾರ್ಮಾರ್ದನ್, ಪೆಂಬ್ರೋಕ್, ಕಾರ್ಡಿಗನ್ ಈ ಆರು ಕೌಂಟಿಗಳ ಟ್ರಸ್ಟ್‌ಗಳನ್ನೆಲ್ಲ ಮುಚ್ಚಿ, ಕೌಂಟಿಗೊಂದು ರಸ್ತೆ ಮಂಡಳಿ ಮಾಡಿದರು. ಹಳೆಯ ಟ್ರಸ್ಟ್‌ಗಳ ಎಲ್ಲೆಗಳು ಅಳಿದವು. ಸುಂಕದ ದರ ಎಲ್ಲ ಕಡೆ ಒಂದೇ. ಒಮ್ಮೆ ಕಟ್ಟಿದವನು ಏಳು ಮೈಲಿಯೊಳಗೆ ಇನ್ನೊಮ್ಮೆ ಕಟ್ಟಬೇಕಾಗಿಲ್ಲ. ಸುಣ್ಣದ ಗಾಡಿಗೆ ಅರ್ಧ ಸುಂಕ. ಈ ಕೊನೆಯ ಎರಡು ಮಾತುಗಳನ್ನು ಕಾಯಿದೆಯಲ್ಲಿ ಬರೆಸಿದ್ದು ಎವೈಲ್‌ವೆನ್‌ನ ರೈತರೇ ಎಂದರೆ ತಪ್ಪಾಗದು.

ಸಾಲದ ಪ್ರಶ್ನೆಯನ್ನು ಬಿಡಿಸಿದ ರೀತಿ ನನಗೆ ಎಲ್ಲಕ್ಕಿಂತ ಮೆಚ್ಚುಗೆಯಾಗುತ್ತದೆ. ಟ್ರಸ್ಟ್‌ಗಳನ್ನು ಒಂದುಗೂಡಿಸುವ ಮಾತು ಬಂದಾಗಲೆಲ್ಲ ಇಂಗ್ಲೆಂಡಿನಲ್ಲಿ ಅಡ್ಡಬರುತ್ತಿದ್ದುದು ಇದೇ: ನಮ್ಮ ಟ್ರಸ್ಟ್ ಸಾಲ ತೀರಿಸಿದೆ, ಪಕ್ಕದವರ ಸಾಲವನ್ನು ನಾವೇಕೆ ಹೊರಬೇಕು? ಇಲ್ಲಿ ಸರ್ಕಾರ ಕಮಿಷನರುಗಳನ್ನು ನೇಮಿಸಿ ಪ್ರತಿ ಸಾಲವನ್ನೂ ತೂಗಿ ನೋಡಿಸಿತು. ಕಾಗದದ ಮೇಲೆ ಬರೆದ ಮೊತ್ತ ಎಷ್ಟೇ ಇರಲಿ, ಆ ಟ್ರಸ್ಟ್‌ನ ಗಳಿಕೆ ನೋಡಿದರೆ ಆ ಸಾಲಪತ್ರದ ನಿಜವಾದ ಬೆಲೆ ಎಷ್ಟು ಎಂದು ನಿರ್ಣಯಿಸಿ ಅಷ್ಟನ್ನೇ ಕೊಟ್ಟರು. ದಿವಾಳಿಯ ಅಂಚಿಗೆ ಬಂದಿದ್ದ ಟ್ರಸ್ಟ್‌ಗೆ ಸಾಲ ಕೊಟ್ಟವರು ಪೂರಾ ಅಸಲನ್ನು ಪಡೆಯಲಿಲ್ಲ. ಹೀಗೆ ಇಳಿಸಿದ ಮೇಲೂ ಆರು ಕೌಂಟಿಗಳ ಸಾಲ ಎರಡು ಲಕ್ಷ ಪೌಂಡಿಗೆ ಮಿಕ್ಕಿತು. ಆ ಹಣವನ್ನು ಸರ್ಕಾರಿ ಸಾಲವಾಗಿ ಕೊಟ್ಟು, ಸುಮಾರು ಮೂವತ್ತು ವರ್ಷಗಳಲ್ಲಿ ಕಂತು ಕಂತಾಗಿ ತೀರಿಸುವಂತೆ ಮಾಡಿದರು; ಸುಂಕ ಸಾಲದೆ ಬಂದರೆ ಕೌಂಟಿಯ ತೆರಿಗೆಯಿಂದ ತುಂಬಬೇಕು. ಬಡ್ಡಿಯ ಮೇಲೆ ಬಡ್ಡಿ ಬೆಳೆಯುವುದು ನಿಂತಿತು. ಸುಂಕದ ಹಣ ಮತ್ತೆ ಕಲ್ಲಾಗಿ ರಸ್ತೆಗೆ ಬೀಳತೊಡಗಿತು.

ಎರಡನೆಯ ದೊಡ್ಡ ಬದಲಾವಣೆ, ಮೆಕ್ಆಡಮ್ ಇಡೀ ಬಾಳು ಕೂಗಿ ಹೇಳಿದ್ದು. ಪ್ರತಿ ಕೌಂಟಿಗೂ ಸಂಬಳದ ರಸ್ತೆ ಅಧಿಕಾರಿ. ಆರಕ್ಕೂ ಮೇಲೆ ಸರ್ಕಾರ ನೇಮಿಸಿದ ಒಬ್ಬ ಪ್ರಧಾನ ಮೇಲ್ವಿಚಾರಕ. ಆ ಹುದ್ದೆಗೆ ಮೊದಲು ಬಂದವನು ಸೇನೆಯ ಇಂಜಿನಿಯರ್ ಕ್ಯಾಪ್ಟನ್ ಹೆನ್ರಿ ಡ್ರೂರಿ ಹಾರ್ನೆಸ್. ಇವನು ಸಾಮಾನ್ಯನಲ್ಲ. 1837ರ ಐರಿಷ್ ರೈಲ್ವೆ ಆಯೋಗಕ್ಕಾಗಿ, ಎಲ್ಲಿಂದ ಎಲ್ಲಿಗೆ ಎಷ್ಟು ಜನ, ಎಷ್ಟು ಸರಕು ಸಾಗುತ್ತದೆ ಎಂಬುದನ್ನು ಗೆರೆಗಳ ದಪ್ಪದಲ್ಲಿ ತೋರಿಸುವ ನಕ್ಷೆಗಳನ್ನು ಮಾಡಿದ್ದ. ಆ ಬಗೆಯ ನಕ್ಷೆಗಳಲ್ಲಿ ಅವು ಬಹಳ ಮೊದಲಿನವು. ಯಾವ ದಾರಿಯ ಮೇಲೆ ಎಷ್ಟು ಭಾರ ಎಂಬುದನ್ನು ಕಣ್ಣಾರೆ ಕಾಣುವಂತೆ ಮಾಡಬಲ್ಲವನಿಗೆ ಆರು ಕೌಂಟಿಗಳ ರಸ್ತೆಯನ್ನು ಒಪ್ಪಿಸಿದ್ದು ಸರಿಯಾದ ಆಯ್ಕೆ. ಇದೇ ಹಾರ್ನೆಸ್ ಮುಂದೆ 1857-58ರಲ್ಲಿ ಭಾರತಕ್ಕೆ ಬಂದು, ಲಖನೌ ಮುತ್ತಿಗೆಯಲ್ಲಿ ಬ್ರಿಟಿಷ್ ಇಂಜಿನಿಯರ್ ಪಡೆಯನ್ನು ನಡೆಸಿದ. ವೇಲ್ಸ್‌ನ ದಂಗೆಕೋರರಿಗೆ ರಸ್ತೆ ಸರಿಮಾಡಿಕೊಟ್ಟ ಕೈ ನಮ್ಮ ದಂಗೆಯ ವಿರುದ್ಧ ಕೆಲಸ ಮಾಡಿತು. ಇಲ್ಲಿ ಆಯೋಗವೂ ಬರಲಿಲ್ಲ, ರೈತನ ಲೆಕ್ಕ ಕೇಳಲು ಯಾರೂ ಊರಿಂದೂರಿಗೆ ಹೋಗಲಿಲ್ಲ.

ದಕ್ಷಿಣ ವೇಲ್ಸ್‌ನ ರಸ್ತೆಗಳು ಬೇಗನೆ ಸುಧಾರಿಸಿದವು. ಬ್ರಿಟನ್ನಿನ ಬೇರೆ ಭಾಗಗಳಲ್ಲಿ ರಸ್ತೆಯ ಬಗ್ಗೆ ಚರ್ಚೆ ಎದ್ದಾಗಲೆಲ್ಲ ಈ ಆರು ಕೌಂಟಿಗಳನ್ನು ಮಾದರಿಯಾಗಿ ತೋರಿಸುವುದು ರೂಢಿಯಾಯಿತು. 1852ರಲ್ಲಿ ಕಾರ್ಮಾರ್ದನ್‌ಗೆ ರೈಲು ಬಂದು ದೂರದ ಸರಕು ರಸ್ತೆ ಬಿಟ್ಟಿತು. ಆದರೂ ಮಂಡಳಿಗಳು ಕುಸಿಯಲಿಲ್ಲ. ಅದೇ ಹೊತ್ತಿನಲ್ಲಿ ಇಂಗ್ಲೆಂಡಿನ ಟ್ರಸ್ಟ್‌ಗಳು ರೈಲಿನ ಏಟಿಗೆ ಒಂದೊಂದಾಗಿ ಮುರಿಯುತ್ತಿದ್ದವು. 1860ರಲ್ಲಿ ದಕ್ಷಿಣ ವೇಲ್ಸ್‌ನ ಪ್ಯಾರಿಷ್‌ಗಳನ್ನೂ ಗುಂಪುಗಳಾಗಿ ಸೇರಿಸಿ ಹಳ್ಳಿ ರಸ್ತೆಗಳಿಗೆ ಹೆದ್ದಾರಿ ಜಿಲ್ಲೆಗಳನ್ನು ಮಾಡುವ ಕಾಯಿದೆ ಬಂತು. ಇಂಗ್ಲೆಂಡಿಗೆ ಅಂಥದೇ ಕಾಯಿದೆ ಬಂದದ್ದು 1862ರಲ್ಲಿ, ಅದೂ ಇಷ್ಟವಿದ್ದ ಕೌಂಟಿಗಳು ಮಾಡಿಕೊಳ್ಳಲಿ ಎಂಬ ಮಟ್ಟದ್ದು; ತಮ್ಮ ರಸ್ತೆ ತಮ್ಮ ಕೈಯಲ್ಲೇ ಇರಲಿ, ಖರ್ಚು ಹೆಚ್ಚುವುದು ಬೇಡ ಎಂದು ಎಷ್ಟೋ ಪ್ಯಾರಿಷ್‌ಗಳು ತಪ್ಪಿಸಿಕೊಂಡವು. ಗಲಭೆ ಮಾಡದೆ ಸುಮ್ಮನಿದ್ದ ಇಂಗ್ಲೆಂಡಿನ ರೈತ ಇನ್ನೂ ಹಲವು ದಶಕ ಒಡೆದುಹೋದ ವ್ಯವಸ್ಥೆಗೇ ಸುಂಕ ಕಟ್ಟುತ್ತ ಬಂದ. ಸರ್ಕಾರಗಳು ಯಾರ ಮಾತಿಗೆ ಬೇಗ ಕಿವಿಗೊಡುತ್ತವೆ ಎಂಬುದಕ್ಕೆ ಇದಕ್ಕಿಂತ ನೋವಿನ ಸಾಕ್ಷಿ ಬೇಡ.

ಆದರೂ 1844ರ ಕಾಯಿದೆಗೆ ಪೂರ್ಣ ಅಂಕ ಕೊಡಲಾರೆ. ಮಂಡಳಿಗಳಲ್ಲಿ ಬಂದು ಕುಳಿತವರು ಹೆಚ್ಚಾಗಿ ಅದೇ ಭೂಮಾಲೀಕರು, ಅದೇ ಮ್ಯಾಜಿಸ್ಟ್ರೇಟರು. ಹಿಂದೆ ಟ್ರಸ್ಟಿಯಾಗಿದ್ದವನು ಈಗ ಮಂಡಳಿಯ ಸದಸ್ಯ. ಲೆಕ್ಕ ನೇರವಾಯಿತು, ಕೆಲಸ ಬಲ್ಲವನು ಬಂದ, ಹೊರೆ ಇಳಿಯಿತು. ಸುಂಕ ಕಟ್ಟುವವನಿಗೆ ಮಾತ್ರ ಆ ಮೇಜಿನಲ್ಲಿ ಕುರ್ಚಿ ಸಿಗಲಿಲ್ಲ. ಗೇಣಿ, ದಶಾಂಶ, ವರ್ಕ್‌ಹೌಸ್ ಇವುಗಳ ಬಗ್ಗೆ ರೈತರು ಆಯೋಗದ ಮುಂದೆ ಹೇಳಿಕೊಂಡ ದುಃಖಕ್ಕೆ ರಸ್ತೆಯಷ್ಟು ಬೇಗ ಪರಿಹಾರವೂ ಬರಲಿಲ್ಲ.

ಕುರ್ಚಿ ಸಿಗಲು ಇನ್ನೂ ನಲವತ್ತೈದು ವರ್ಷ ಬೇಕಾಯಿತು. 1888ರ ಸ್ಥಳೀಯ ಆಡಳಿತ ಕಾಯಿದೆ ಇಂಗ್ಲೆಂಡ್ ಮತ್ತು ವೇಲ್ಸ್‌ಗೆ ಚುನಾಯಿತ ಕೌಂಟಿ ಕೌನ್ಸಿಲ್‌ಗಳನ್ನು ಕೊಟ್ಟಿತು, ಮುಖ್ಯ ರಸ್ತೆಗಳನ್ನು ಅವುಗಳ ಸುಪರ್ದಿಗೆ ಒಪ್ಪಿಸಿತು. 1889ರ ಜನವರಿಯ ಚುನಾವಣೆಯಲ್ಲಿ ವೇಲ್ಸ್‌ನ ಕೌಂಟಿಗಳಲ್ಲಿ ಬ್ರೆಕ್ನಕ್ ಒಂದನ್ನು ಬಿಟ್ಟು ಉಳಿದೆಲ್ಲ ಕಡೆ ಲಿಬರಲ್ ಪಕ್ಷ ಗೆದ್ದಿತು. ತಲೆತಲಾಂತರದಿಂದ ಕೌಂಟಿಯನ್ನು ಆಳಿದ ಜಮೀನ್ದಾರಿ ಮನೆತನಗಳು ಸೋತು, ಚಾಪೆಲ್ಲಿನ ಜನ, ಗೇಣಿ ರೈತರು, ಅಂಗಡಿಯವರು ಕೌನ್ಸಿಲ್ಲಿಗೆ ಬಂದರು. ದಕ್ಷಿಣ ವೇಲ್ಸ್‌ನ ರಸ್ತೆ ಮಂಡಳಿಗಳು ಆ ವರ್ಷವೇ ಮುಚ್ಚಿದವು, ಅವುಗಳ ಸುಂಕದ ಗೇಟುಗಳೂ ತೆರೆದುಕೊಂಡವು. ಇಡೀ ದೇಶದ ಕೊನೆಯ ಟರ್ನ್‌ಪೈಕ್ ಸುಂಕ ನಿಂತದ್ದು 1895ರ ನವೆಂಬರ್ 1ರಂದು, ಆಂಗ್ಲಸಿ ದ್ವೀಪದ ಹಾಲಿಹೆಡ್ ರಸ್ತೆಯಲ್ಲಿ.

ಹಳ್ಳಿಯ ದಾರಿಗಳು ಇನ್ನೂ ತಡವಾಗಿ ಬಂದವು. 1894ರ ಕಾಯಿದೆ ಅವುಗಳನ್ನು ಗ್ರಾಮೀಣ ಜಿಲ್ಲಾ ಕೌನ್ಸಿಲ್‌ಗಳಿಗೆ ಕೊಟ್ಟಿತು. 1929ರ ಸ್ಥಳೀಯ ಆಡಳಿತ ಕಾಯಿದೆ ಅಲ್ಲಿಂದ ಎತ್ತಿ ಕೌಂಟಿಗೆ ಸೇರಿಸಿತು. 1555ರಲ್ಲಿ ಸಂಬಳವಿಲ್ಲದ ಇಬ್ಬರು ಮೇಲ್ವಿಚಾರಕರಿಗೆ ಒಪ್ಪಿಸಿದ್ದ ಹಳ್ಳಿ ರಸ್ತೆಗಳ ಹೊಣೆ ಕೌಂಟಿ ಕೌನ್ಸಿಲ್‌ಗಳ ಇಂಜಿನಿಯರರ ಕೈಗೆ ಬಂದದ್ದು 1930ರ ಏಪ್ರಿಲ್‌ನಲ್ಲಿ.